ಅಂಕಿತಕ್ಕೆ ಮೊದಲಿನ ಉಸಿರು

ಪ್ರೇಮವ್ವನ ಲಿಂಗಪೂಜೆ ಮುಗಿಯುವ ಹೊತ್ತಿಗೆ ಅಡಿಗೆಮನೆಯಲ್ಲಿ ಸೊಸೆ ಶೀತಲ್ ಡಬ್ಬಿ ಕಟ್ಟುತ್ತಿರುತ್ತಿದ್ದಳು. ಹಣೆಯ ವಿಭೂತಿ ಆರುವ ಮೊದಲೇ ಪ್ರೇಮವ್ವ ಗೋಡೆಯ ಬದಿಯ ಕುರ್ಚಿಗೆ ಬಂದು ಫೋನು ಎತ್ತುವಳು. ಸುರುಳಿ ವೈರಿನ, ಕೆನೆಬಣ್ಣದ, ಮನೆ ಕೊಂಡಾಗ ಮನೆಯ ಜೊತೆಗೇ ಬಂದ ಹಳೇ ಫೋನು. ಆಚೆ, ಎರಡು ತಾಸಿನ ದಾರಿಯ ಡೈಮಂಡ್ ಬಾರ್ ಎಂಬ ಊರಿನಲ್ಲಿ, ಅವಳ ಅಣ್ಣನ ಮಗಳು ನಮ್ರತಾ ಎತ್ತುತ್ತಿದ್ದಳು.

"ಶರಣು, ಅತ್ತಿ. ತಡೀರಿ, ಅಪ್ಪಾಜಿ ಕಿವಿಗೆ ಹಿಡೀತೀನಿ."

ಅಣ್ಣ ವೀರಣ್ಣನಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು. ವಿಡಿಯೋದಲ್ಲಿ ಮುಖ ತೋರಿಸಲು ಹೋದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ಹಾಗಾಗಿ ತಂಗಿ ದಿನವೂ ಫೋನಿನಲ್ಲಿ ಒಂದು ವಚನ ಹೇಳುವುದು, ಅವನು ಕೇಳುವುದು. ಚಿಕ್ಕಂದಿನಲ್ಲಿ ಅವರಪ್ಪ ಇಬ್ಬರನ್ನೂ ಕೂಡಿಸಿ ಹೇಳಿಸುತ್ತಿದ್ದರು. ಒಬ್ಬರು ವಚನ ಹೇಳಬೇಕು, ಕೊನೆಯ ಅಂಕಿತದ ಮುಂದೆ ನಿಲ್ಲಬೇಕು. ಕೇಳುವವರು 'ಹೂಂ' ಅಂದ ಮೇಲೆಯೇ ದೇವರ ಹೆಸರು ಹೇಳಿ ಮುಗಿಸಬೇಕು. ಕೇಳುವವರ ಮನಸ್ಸು ಬೇರೆ ಕಡೆ ಹೋಗಿದ್ದರೆ ವಚನ ಅಲ್ಲೇ ನಿಂತಿರುತ್ತಿತ್ತು.

ಈಗ ವೀರಣ್ಣನಿಗೆ 'ಹೂಂ' ಅನ್ನಲೂ ಆಗುತ್ತಿರಲಿಲ್ಲ. ಅವನು ಉದ್ದವಾಗಿ ಒಂದು ಉಸಿರು ಎಳೆಯುತ್ತಿದ್ದ. ತಂತಿಯ ಸಣ್ಣ ಗರಗರದ ನಡುವೆ ಆ ಉಸಿರು ಪ್ರೇಮವ್ವನ ಕಿವಿಗೆ ಬರುತ್ತಿತ್ತು. ಆಗ ಅವಳು ಅಂಕಿತ ಹೇಳಿ, ಫೋನಿಟ್ಟು, ರೊಟ್ಟಿ ಬಡಿಯಲು ಏಳುತ್ತಿದ್ದಳು.

ಅವರ ಮನೆ ಪೊವೇ ಪಟ್ಟಣ ದಾಟಿ ಗುಡ್ಡ ಹತ್ತಿದ ಮೇಲೆ, ರಮೋನಾದ ದಾರಿಯಲ್ಲಿ, ಅವಕಾಡೊ ತೋಟಗಳ ಹಿಂದೆ ಇತ್ತು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ವರ್ಷ ಪ್ರೇಮವ್ವನ ಮಗ ಓಂಪ್ರಕಾಶ ಅದನ್ನು ಕೊಂಡಿದ್ದ. ಗುಡ್ಡದ ಆ ಮಗ್ಗುಲಿಗೆ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಅವನ ಮಗಳು ರಚನಾ ಗೆಳತಿಯರ ಜೊತೆ ಹರಟಬೇಕೆಂದರೆ ನೀರಿನ ಟ್ಯಾಂಕಿನ ದಿಬ್ಬ ಹತ್ತುತ್ತಿದ್ದಳು. ಮನೆಯ ಯಜಮಾನ ಮಾತ್ರ ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ ಫೋನುಗಳ ಧ್ವನಿ ಶುದ್ಧ ಮಾಡುವ ಎಂಜಿನಿಯರು. ಗಾಳಿ, ಫ್ಯಾನು, ನಾಯಿ ಬೊಗಳುವುದು, ಇವನ್ನೆಲ್ಲ ತೆಗೆದು ಮಾತನ್ನಷ್ಟೇ ಉಳಿಸುವುದು ಅವನ ಕೆಲಸ.

"ನಮ್ಮಪ್ಪ ಜಗತ್ತಿನ ಫೋನೆಲ್ಲಾ ರಿಪೇರಿ ಮಾಡ್ತಾರೆ, ನಾನು ಟ್ಯಾಂಕ್ ಹತ್ತಬೇಕು," ಎಂದು ರಚನಾ ಇಂಗ್ಲಿಷಿನಲ್ಲಿ ಹೇಳಿ ಅಜ್ಜಿಯ ಕಡೆ ಕಣ್ಣು ಮಿಟುಕಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಗಾಳಿ ಎದ್ದಾಗ ಆ ಹಳೇ ತಂತಿಯ ಗರಗರ ಜೋರಾಯಿತು. ಒಂದೆರಡು ಬಾರಿ ಸುಮ್ಮನೆ ಸತ್ತಿತು.

"ಈ ತಾಮ್ರದ ತಂತಿ ಸಾಕು, ಶೀತಲ್," ಎಂದ ಓಂಪ್ರಕಾಶ. "ಇಂಟರ್‌ನೆಟ್‌ಗೆ ಒಂದು ಬಾಕ್ಸ್ ಹಾಕಿದ್ರ ಮುಗೀತು. ಅದೇ ನಂಬರ್, ಅದೇ ಫೋನ್. ಅವ್ವಗ ಗೊತ್ತೂ ಆಗೂದಿಲ್ಲ."

"ಗೊತ್ತಾಗೂದಿಲ್ಲ ಅಂದ್ರ? ಹೇಳೇ ಮಾಡ್ರಿ."

"ಹೇಳಿದ್ರ ಬ್ಯಾಡಂತಾಳ. ಆಮ್ಯಾಲ ಹೇಳಿದ್ರಾತು."

"ನೀವ ಹೇಳ್ರಿ ಮತ್ತ. ನಾ ನಡಕ ಬರಾಕಿ ಅಲ್ಲ."

ಶನಿವಾರ ಅತ್ತೆ ಸೊಸೆ ಇಬ್ಬರೂ ಸಮಾಜದ ಪ್ರಾರ್ಥನೆಗೆ ಹೋಗಿದ್ದಾಗ ಓಂಪ್ರಕಾಶ ಹೊಸ ಬಾಕ್ಸನ್ನು ಕಪಾಟಿನ ಹಿಂದೆ ಕೂಡಿಸಿದ. ಕೆನೆಬಣ್ಣದ ಫೋನಿನ ವೈರನ್ನು ಅದಕ್ಕೆ ಸಿಕ್ಕಿಸಿದ. ಹಳೇ ಲೈನಿನ ಕನೆಕ್ಷನ್ ಕ್ಯಾನ್ಸಲ್ ಮಾಡಿದ. ಆಫೀಸಿನ ಗೆಳೆಯನಿಗೆ ಫೋನು ಹಚ್ಚಿ ನೋಡಿದ. ಗರಗರವೇ ಇಲ್ಲ. ಆಗತಾನೇ ತೊಳೆದ ಗಾಜಿನಂತೆ ಸ್ವಚ್ಛ.

ಮರುದಿನ ಮುಂಜಾನೆ ಪ್ರೇಮವ್ವ ಎಂದಿನಂತೆ ಕೂತಳು. ವಚನ ಹೇಳುತ್ತ ಅಂಕಿತದ ಮುಂದೆ ನಿಂತಳು.

ಏನೂ ಬರಲಿಲ್ಲ. ಗರಗರವೂ ಇಲ್ಲ, ಉಸಿರೂ ಇಲ್ಲ. ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟ ಹಾಗಿತ್ತು.

"ಅಣ್ಣಾ?" ಅಂದಳು. ಆಮೇಲೆ, "ನಮ್ರತಾ, ಅಣ್ಣನ ಕಿವಿಗೆ ಹಿಡದೀಯೇನವಾ?"

"ಹಿಡದೀನಿ ಅತ್ತಿ. ಕೇಳಾಕತ್ತಾರ, ಹೇಳ್ರಿ," ಎಂದಳು ನಮ್ರತಾ.

ಪ್ರೇಮವ್ವ ಫೋನನ್ನು ಮೆಲ್ಲಗೆ ಕೆಳಗಿಟ್ಟಳು.

ಉಸಿರಿಲ್ಲದ ಫೋನಿನಲ್ಲಿ ಆ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು. ಕರೋನಾ ಬಂದ ವರ್ಷ ಮಗನನ್ನು ನೋಡಲೆಂದು ಬಂದವಳು ವಿಮಾನ ನಿಂತು ಇಲ್ಲೇ ಉಳಿದಿದ್ದಳು. ಬಾಗಲಕೋಟೆಯಲ್ಲಿ ಗಂಡ ಬಸವಲಿಂಗಪ್ಪ ಆಸ್ಪತ್ರೆ ಸೇರಿದ್ದರು. ಮೈದುನನ ಮಗ ಫೋನಿನಲ್ಲಿ, "ಮಾತಾಡಾಕ ಆಗೂದಿಲ್ರಿ ದೊಡ್ಡವ್ವ, ಕಿವಿಗೆ ಹಿಡದೀನಿ, ನೀವ ಮಾತಾಡ್ರಿ," ಎನ್ನುತ್ತಿದ್ದ. ಅವಳು ದಿನವೂ ಮಾತಾಡಿದಳು. ಉಂಡಿದ್ದು ಹೇಳಿದಳು, ಮೊಮ್ಮಗಳ ಸುದ್ದಿ ಹೇಳಿದಳು, ಬೇಗ ಎದ್ದು ಕೂಡ್ರಿ ಎಂದಳು. ಆ ಕಡೆ ಅವರು ಇರಲೇ ಇಲ್ಲ. ಮಣ್ಣು ಆಗಿಹೋಗಿತ್ತು. ಅವಳ ಬಿ.ಪಿ. ಏರೀತೆಂದು ಹೀಗೆ ಮಾಡಿಸಿದವನು ಓಂಪ್ರಕಾಶನೇ.

ಅಂದಿನಿಂದ ಅವಳು ಮಗನ ಮೇಲೆ ಸಿಟ್ಟು ತೋರಿಸಿರಲಿಲ್ಲ. ಆದರೆ ಮರೆತಿರಲೂ ಇಲ್ಲ.

ಆ ದಿನ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಶೀತಲ್ ಬಂದು ನೋಡಿದರೆ ಅತ್ತೆ ಹಿಟ್ಟಿನ ಡಬ್ಬಿಯ ಮುಂದೆ ಸುಮ್ಮನೆ ನಿಂತಿದ್ದಳು.

"ಯಾಕ ಅತ್ತಿ, ಆರಾಮ ಇಲ್ಲೇನ್ರಿ?"

"ಆರಾಮ ಅದೀನಿ. ಇವತ್ತ ಬ್ರೆಡ್ ತಿನ್ರಿ."

ಸಂಜೆ ಓಂಪ್ರಕಾಶ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಗ ಪ್ರೇಮವ್ವ ಕೇಳಿದಳು: "ತಮ್ಮಾ, ಡೈಮಂಡ್ ಬಾರ್‌ಗೆ ಯಾವಾಗ ಹೋಗೂದು?"

"ಈ ತಿಂಗಳ ಆಗೂದಿಲ್ಲವ್ವಾ. ಆಫೀಸ್ನ್ಯಾಗ ಹೊಸ ಫೋನಿನ ರಿಲೀಸ್ ಐತಿ. ಮುಂದಿನ ತಿಂಗಳ ನೋಡೂಣು."

"ನಮ್ರತಾಗ ತ್ರಾಸ ಆಗೇತೇನು?"

"ಏನೂ ಇಲ್ಲ. ಎಲ್ಲಾರೂ ಆರಾಮ ಅದಾರ." ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

ಅವರಪ್ಪ ಹೋದಾಗಲೂ ಹೀಗೇ ಅಂದಿದ್ದ: ಎಲ್ಲಾರೂ ಆರಾಮ ಅದಾರ.

ಮುಂದಿನ ವಾರಗಳಲ್ಲಿ ಮನೆಯ ನಡೆ ಬದಲಾಯಿತು. ಪ್ರೇಮವ್ವ ಮುಂಜಾನೆ ಫೋನು ಹಚ್ಚುವುದನ್ನು ಬಿಡಲಿಲ್ಲ. ವಚನ ಹೇಳುತ್ತಿದ್ದಳು, ಅಂಕಿತದ ಮುಂದೆ ನಿಂತು ಕಾಯುತ್ತಿದ್ದಳು, ಮುಗಿಸದೆ ಫೋನಿಡುತ್ತಿದ್ದಳು. ಮುಂಜಾನೆ ಬರೀ ಚಹಾ ಕುಡಿದು ಇರುತ್ತಿದ್ದಳು. ಅಣ್ಣನಿಗೆಂದು ಹಳೇ ಸೀರೆಗಳನ್ನು ಕೂಡಿಸಿ ಹೊಲಿಯುತ್ತಿದ್ದ ಕೌದಿಯನ್ನು ಸೂಜಿಸಮೇತ ಸುತ್ತಿ ಅಟ್ಟದ ಕಪಾಟಿಗೆ ಹಾಕಿಸಿದಳು. ಹಾಕಿದವಳು ರಚನಾ.

"ಅಜ್ಜಿ, ಒಂದು ಸೈಡ್ ಅಷ್ಟೇ ಬಾಕಿ ಇದೆ! ವೈ?"

"ಇರಲಿ, ಪುಟ್ಟಿ. ಹೊದ್ಕೊಳ್ಳಾವ್ರು ಬೇಕಲ್ಲ."

ರಚನಾ ಅದನ್ನು ಅಮ್ಮನಿಗೆ ಹೇಳಿದಳು. ಶೀತಲ್ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳು ಕೋಟು ಕಳಚದೆಯೇ ಗಂಡನ ಮುಂದೆ ನಿಂತಳು.

"ನಿಮ್ಮ ಅವ್ವಗ ಬಾಕ್ಸ್ ಗೊತ್ತಾಗೇತಿ. ಅದಕ್ಕ ಸಿಟ್ಟಾಗ್ಯಾರ."

"ನೀ ಹೇಳಿದೇನು?"

"ನನ್ನ ಮ್ಯಾಲ ಹಾಕಬ್ಯಾಡ್ರಿ! ಕಳ್ಳರಂಗ ಶನಿವಾರ ಕುಂತು ಮಾಡಿದವರು ನೀವು."

"ಕಳ್ಳತನ ಏನ್ ಬಂತ ಇದ್ರಾಗ? ಮೊದಲಿಗಿಂತ ಚಲೋ ಕೇಳತೈತಿ."

"ನಿನ್ನೆ ಗಾಳಿಗೆ ಬೆಂಕಿ ಹತ್ತೀತಂತ ಕರೆಂಟ್ ತಗದ್ರಲ್ಲ, ನಿಮ್ಮ ಬಾಕ್ಸ್ ಚಲೋ ಕೇಳತಿತ್ತೇನು? ಹಳೇದಾದ್ರ ಕತ್ತಲ್ಯಾಗೂ ನಡೀತಿತ್ತು."

"ಬ್ಯಾಟರಿ ತರ್ತೀನಿ ಅಂದೀನಲ್ಲ!"

"ತರ್ರಿ. ಅತ್ತಿಗೂ ಒಂದು ಬ್ಯಾಟರಿ ತರ್ರಿ. ಮೂರು ವಾರಾತು, ಮುಂಜಾನೆ ತುತ್ತು ಮುಟ್ಟಿಲ್ಲ."

ಊಟಕ್ಕೆ ಎಲ್ಲರೂ ಕೂತರು. ಪ್ರೇಮವ್ವ ಎಲ್ಲರ ತಾಟಿಗೂ ಬದನೆಕಾಯಿ ಪಲ್ಯ ಬಡಿಸಿ, ಮಗನ ಮುಖವನ್ನೊಮ್ಮೆ ನೋಡಿ, "ನಿನಗೇನರ ಹೇಳೂದೈತೇನೋ?" ಎಂದು ಕೇಳಿದಳು.

ಓಂಪ್ರಕಾಶ ಹೆಂಡತಿಯ ಕಡೆ ನೋಡಿದ. "ಇಲ್ಲವ್ವಾ. ಏನೈತಿ ಹೇಳೂದು?"

"ಇದ್ದಾಗ ಹೇಳು. ನಾ ಗಟ್ಟಿ ಅದೀನಿ," ಎಂದು ಅವಳು ಮಜ್ಜಿಗೆ ತರಲು ಎದ್ದಳು.

ಭಾನುವಾರ ನೆರೆಯ ಲೂಪೆ ಒಂದು ಬುಟ್ಟಿ ನಿಂಬೆಹಣ್ಣು ಹೊತ್ತು ಬಂದಳು. ಎಂಬತ್ತು ದಾಟಿದವಳು, ಅದೇ ಗುಡ್ಡದಲ್ಲಿ ಹುಟ್ಟಿದವಳು. ಅವಳಿಗೆ ಕನ್ನಡ ಬಾರದು, ಪ್ರೇಮವ್ವನಿಗೆ ಅವಳ ಸ್ಪ್ಯಾನಿಷ್ ಬೆರೆತ ಇಂಗ್ಲಿಷ್ ತಿಳಿಯದು. ಆದರೂ ಇಬ್ಬರೂ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ರಚನಾ ನಡುವೆ ಕೂತು ಅಜ್ಜಿಗೆ ತಿಳಿಸಿ ಹೇಳುತ್ತಿದ್ದಳು.

ರಸ್ತೆಯಂಚಿನ ಕಂಬದಿಂದ ಅವರ ಮನೆಗೆ ಬರುವ ತಂತಿಯನ್ನು ಲೂಪೆ ಕಿಟಕಿಯಿಂದ ತೋರಿಸಿದಳು. ಅದು ಬಂದಾಗ ತಾನು ರಚನಾಗಿಂತ ಚಿಕ್ಕವಳು ಎಂದಳು. ಇಷ್ಟು ಕಡಿಮೆ ಮನೆಗಳಿಗೆ ಅಷ್ಟು ದೂರ ತಂತಿ ಎಳೆಯುವುದಿಲ್ಲ ಎಂದು ಪೇಟೆಯ ಕಂಪನಿ ಹೇಳಿತಂತೆ. ಅವಳಪ್ಪ ಮತ್ತು ಸುತ್ತಲಿನ ರೈತರು ತಾವೇ ಗುಂಡಿ ತೋಡಿ ಕಂಬ ನೆಟ್ಟರಂತೆ. ಕಂಬ ಸಾಲದೇ ಹೋದಲ್ಲಿ ದನದ ಬೇಲಿಯ ಗೂಟಕ್ಕೇ ತಂತಿ ಬಿಗಿದರಂತೆ.

"ಒಂದೇ ತಂತಿ, ಎಂಟು ಮನೆ, ಅಜ್ಜಿ," ಎಂದು ರಚನಾ ಹೇಳಿದಳು. "ಒಬ್ಬರಿಗೆ ಫೋನ್ ಬಂದ್ರೆ ಎಲ್ಲಾ ಮನೇಲೂ ರಿಂಗ್ ಆಗುತ್ತಂತೆ. ಇವರದು ಎರಡು ಉದ್ದ, ಒಂದು ಗಿಡ್ಡ."

"ಹಂಗಾರ ಎಲ್ಲಾರ ಮಾತೂ ಎಲ್ಲಾರೂ ಕೇಳ್ತಿದ್ರೇನು?" ಪ್ರೇಮವ್ವನಿಗೆ ಬಹಳ ದಿನಗಳ ಮೇಲೆ ನಗು ಬಂತು.

ರಚನಾ ಕೇಳಿದಳು. ಲೂಪೆ ಕೈಬಡಿದು ನಕ್ಕಳು. ಕದ್ದು ಕೇಳದವರು ಯಾರಿದ್ದರು? ಆದರೆ ಯಾರಿಗೂ ಬಚ್ಚಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ತಂತಿಯ ಮೇಲೆ ಉಸಿರು ಕೇಳಿಸುತ್ತಿತ್ತು. ದಪ್ಪ ಮೂಗಿನ ಉಸಿರಾದರೆ ಮೇಲಿನ ಮನೆಯ ಮುದುಕ. ತಡೆತಡೆದು ಬಂದರೆ ಗುಡ್ಡದಾಚೆಯ ವಿಧವೆ. ಲೂಪೆಯ ಅಮ್ಮ ಮಾತಿನ ನಡುವೆ ನಿಲ್ಲಿಸಿ, "ನಿನ್ನ ಒಲೆಯ ಮೇಲಿನ ಬೀನ್ಸು ಹೊತ್ತುತ್ತದೆ, ಹೋಗು," ಎಂದು ಆ ವಿಧವೆಯನ್ನು ಗದರುತ್ತಿದ್ದಳಂತೆ. ಆಮೇಲೆ ಒಂದು ದಿನ ಆ ಉಸಿರು ಬರಲಿಲ್ಲವಂತೆ. ಅಮ್ಮ ಅಪ್ಪನನ್ನು ಕುದುರೆ ಹತ್ತಿಸಿ ಅವಳ ಮನೆಗೆ ಓಡಿಸಿದಳಂತೆ. ಜ್ವರದಲ್ಲಿ ಬಿದ್ದಿದ್ದವಳು ಹಾಗೆ ಉಳಿದಳಂತೆ.

ರಚನಾ ಇದನ್ನು ತನಗೆ ಬಂದಂತೆ ಹೇಳಿ ಮುಗಿಸಿದಳು. ಪ್ರೇಮವ್ವನ ಕೈಯಲ್ಲಿನ ಬೆಳ್ಳುಳ್ಳಿ ಎಸಳು ಹಾಗೇ ಉಳಿದಿತ್ತು. ಅವಳು ಸೋಫಾದಲ್ಲಿ ಕೂತಿದ್ದ ಮಗನ ಕಡೆ ತಿರುಗಿದಳು.

"ಓಂಪ್ರಕಾಶ, ಈಗಿನ ಫೋನಿನಾಗ ಉಸುರು ಕೇಳತೈತೇನು?"

"ಇಲ್ಲವ್ವಾ. ಅದನ್ನ ತಗದಬಿಡ್ತೇವಿ. ಮಾತು ಇದ್ದಾಗಷ್ಟ ಕೇಳಸತೈತಿ, ಉಳದದ್ದು ಗದ್ದಲ ಅಂತ ಬಿಡತೈತಿ. ಅದ ನನ್ನ ಕೆಲಸ."

"ನಮ್ಮ ಮನೀ ಫೋನಿನಾಗ?"

ಶೀತಲ್ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. "ಹೇಳ್ರೀ," ಎಂದಳು.

"ಅದನ್ನೂ ಬದಲು ಮಾಡೀನಿ, ಅವ್ವಾ. ಹೋದ ತಿಂಗಳ. ಹಳೇ ತಂತಿ ಈಗ ಬಂದ್ ಐತಿ. ನಿನಗ ಹೇಳ್ಬೇಕಂತ ಇದ್ದೆ…"

ಪ್ರೇಮವ್ವನಿಗೆ ಅವನ ಕೊನೆಯ ಮಾತು ಬೇಕಿರಲಿಲ್ಲ. ಮೇಜನ್ನು ಹಿಡಿದು ಎದ್ದು ನಿಂತಳು.

"ಹಂಗಾರ ಅಣ್ಣ ಅದಾನ?"

"ಅಂದ್ರ?"

"ಅಣ್ಣ ಜೀವಂತ ಅದಾನೇನೋ?"

ಲೂಪೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಶೀತಲ್ ಬಂದು ಅತ್ತೆಯ ಕೈ ಹಿಡಿದಳು. "ಅದಾರ ಅತ್ತಿ! ಯಾರೇನಂದ್ರು ನಿಮಗ? ಅವರಿಗೇನಾಗೇತಿ?"

"ಯಾರೂ ಏನೂ ಅನ್ನಲಿಲ್ಲ. ಅನ್ನೂದಿಲ್ಲ ನೀವು. ನಿಮ್ಮಪ್ಪಾರು ಹೋದಾಗ ಅಂದಿದ್ರೇನು? ಕಿವಿಗೆ ಹಿಡದೀವಿ ಮಾತಾಡ್ರಿ ಅಂದ್ರಿ. ನಾ ಹೆಣದ ಮುಂದ ಅಲ್ಲ, ಹೆಣಾನೂ ಇಲ್ಲದ ಖಾಲಿ ಕೋಣಿ ಮುಂದ ಮಾತಾಡಿದೆ. ಈ ಸಲಾನೂ ಅಷ್ಟ ಅಂದ್ಕೊಂಡೆ. ಹೇಳೂ ಧೈರ್ಯ ಬಂದಾಗ ಹೇಳ್ತಾನ ಮಗ ಅಂತ ಕುಂತಿದ್ದೆ."

ಓಂಪ್ರಕಾಶ ಸೋಫಾದಿಂದ ಎದ್ದ. ಬಾಗಿಲ ಬಳಿಯ ಕೊಕ್ಕೆಯಿಂದ ಕಾರಿನ ಕೀಲಿ ತೆಗೆದುಕೊಂಡ.

"ನಡಿ ಅವ್ವಾ."

"ನಿನ್ನ ರಿಲೀಸ್?"

"ನಡಿ."

ರಚನಾ ಏಣಿ ಹತ್ತಿ ಕೌದಿ ಇಳಿಸಿಕೊಂಡು ಓಡಿಬಂದಳು. ಹದಿನೈದನೇ ನಂಬರಿನ ಫ್ರೀವೇಯಲ್ಲಿ ಉತ್ತರಕ್ಕೆ ಹೋಗುವಾಗ ಪ್ರೇಮವ್ವ ಮಡಿಲಲ್ಲಿ ಕೌದಿ ಹರಡಿಕೊಂಡು ಉಳಿದ ಅಂಚು ಹೊಲಿಯುತ್ತಿದ್ದಳು. ಕಾರು ಕುಲುಕಿದಾಗ ಸೂಜಿ ಎತ್ತಿ ಹಿಡಿಯುವಳು. ಟೆಮೆಕ್ಯುಲಾ ಎಂಬ ಊರು ದಾಟಿದ ಮೇಲೆ ಶೀತಲ್, "ಅತ್ತಿ, ಚಕ್ಕುಲಿ ತಂದೀನಿ, ತಿನ್ರಿ," ಎಂದಳು.

"ಅಣ್ಣನ ನೋಡಿ ತಿಂತೀನಿ."

ಡೈಮಂಡ್ ಬಾರಿನಲ್ಲಿ ನಮ್ರತಾ ಬಾಗಿಲು ತೆಗೆದು ಬೆರಗಾದಳು. "ಒಂದು ಫೋನರ ಮಾಡಿ ಬರಬಾರದೇನ್ರಿ! ಅತ್ತಿ, ಚಲೋ ಆತು ಬಂದ್ರಿ. ಅಪ್ಪಾಜಿ ಮುಂಜಾನೆ ಗಂಜಿ ಮುಟ್ಟವಲ್ಲರು. ನೀವು ಯಾಕೋ ಅಂಕಿತ ಹೇಳದ ಫೋನ್ ಇಡಾಕತ್ತೀರಿ. ಅವರು ಉಸುರು ಎಳದೆಳದು ಸಾಕಾಗಿ ಗ್ವಾಡಿ ಕಡೆ ತಿರಗ್ತಾರ."

ವೀರಣ್ಣ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದ. ತಂಗಿಯನ್ನು ಕಂಡು ಮುಖ ತಿರುಗಿಸಲಿಲ್ಲ. ಅವಳು ಕೌದಿಯನ್ನು ಅವನ ಕಾಲ ಮೇಲೆ ಹೊದಿಸಿ, ಪಕ್ಕದಲ್ಲಿ ಕೂತು, ಆ ಮುಂಜಾನೆ ಅರ್ಧಕ್ಕೆ ಬಿಟ್ಟ ವಚನವನ್ನೇ ಮತ್ತೆ ಹೇಳಿದಳು. ಅಂಕಿತದ ಮುಂದೆ ನಿಂತಳು. ವೀರಣ್ಣ ಎದೆತುಂಬ ಉಸಿರೆಳೆದ. ಅವಳು ಮುಗಿಸಿದಳು. ಆಮೇಲೆ ಇನ್ನೊಂದು, ಮತ್ತೊಂದು. ಬಿಟ್ಟದ್ದೆಲ್ಲ ಮುಗಿದ ಮೇಲೆ ನಮ್ರತಾಳಿಗೆ, "ಹಿಟ್ಟು ಎಲ್ಲೈತವಾ?" ಎಂದು ಕೇಳಿದಳು. ಆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎದ್ದಿತು.

ಹೊರಡುವಾಗ ಅವಳು ಕಾರು ಹತ್ತಲಿಲ್ಲ.

"ನಾ ಇಲ್ಲೇ ಇರತೀನಿ. ತಂತಿ ಬಂದ ಮ್ಯಾಲ ಕರ್ಕೊಂಡು ಹೋಗು."

"ಅವ್ವಾ, ಬಾಕ್ಸ್ನ್ಯಾಗ ಆ ಸೆಟಿಂಗ್ ತಗೀತೀನಿ. ಉಸುರು ಕೇಳತೈತಿ."

"ತಗದಿ ಅಂತ ನೀ ಹೇಳ್ತಿ. ನಾ ನಂಬಬೇಕಲ್ಲ." ಸಿಟ್ಟಿಲ್ಲದೆ, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು. "ತಂತಿ ಗರಗರ ಕಿವಿಗೆ ಕೇಳತೈತಿ. ಅದು ಬರಲಿ."

ಮನೆ ಖಾಲಿಯಾಯಿತು. ಶೀತಲ್ ರೊಟ್ಟಿ ಬಡಿಯಲು ಕೂತರೆ ಅಂಚು ಸೀಳುತ್ತಿತ್ತು. ಓಂಪ್ರಕಾಶ ಬಡಿದದ್ದು ತವೆಗೆ ಹತ್ತಿಕೊಂಡಿತು. "ಮ್ಯಾಪ್ ಆಫ್ ಟೆಕ್ಸಸ್," ಎಂದು ರಚನಾ ಹೆಸರಿಟ್ಟಳು. ಫೋನ್ ಕಂಪನಿಯವರು ಮೊದಲು ಆಗದು ಎಂದರು, ಆಮೇಲೆ ಮೊಬೈಲ್ ಕೊಳ್ಳಿ ಎಂದರು. ಓಂಪ್ರಕಾಶ ಲೈನಿನಲ್ಲಿ ಕಾದು ಕಾದು ಕೈಚೆಲ್ಲಿದ. ಕೊನೆಗೆ ರಚನಾ ಹಿಡಿದಳು. ಶಾಲೆಯಿಂದ ಬಂದು ದಿನವೂ ಫೋನು ಹಚ್ಚಿ, ಇಲ್ಲಿ ಸಿಗ್ನಲ್ ಇಲ್ಲ, ಕರೆಂಟ್ ಹೋದರೆ ನಮಗೆ ಬೇರೆ ದಾರಿಯಿಲ್ಲ, ಕಾನೂನಿನಂತೆ ಕೇಳಿದವರಿಗೆ ನೀವು ಲೈನು ಕೊಡಲೇಬೇಕು ಎಂದು ಬೇಸರವಿಲ್ಲದೆ ಹೇಳಿದಳು. ಲೂಪೆಯೂ ಪಕ್ಕದಲ್ಲಿ ಕೂತು ಕಂಬ ನೆಟ್ಟ ಕಥೆಯನ್ನು ಅವರಿಗೆ ಹೇಳಿದಳು, ಅವರು ಕೇಳದಿದ್ದರೂ.

"ಯಾರಿಂದ ಕಲ್ತೀಯ ಈ ಹಟಾ?" ಎಂದ ಓಂಪ್ರಕಾಶ.

"ಗೆಸ್ ಮಾಡಿ, ಅಪ್ಪ," ಎಂದಳು ಮಗಳು.

ನವೆಂಬರಿನ ಒಂದು ಮಧ್ಯಾಹ್ನ ಕಂಪನಿಯ ಹೆಣ್ಣುಮಗಳೊಬ್ಬಳು ಬಂದು ಕಂಬ ಹತ್ತಿದಳು. ತಂತಿ ಗಟ್ಟಿ ಇದೆ, ಬರೀ ಜೋಡಿಸುವುದಿತ್ತು ಎಂದಳು. ಓಂಪ್ರಕಾಶ ಕಪಾಟಿನ ಹಿಂದಿನ ಬಾಕ್ಸ್ ಕಿತ್ತು, ಕೆನೆಬಣ್ಣದ ಫೋನನ್ನು ಗೋಡೆಗೆ ಸಿಕ್ಕಿಸಿದ. ಎತ್ತಿದರೆ ಗರಗರ.

ಮರುದಿನ ಮುಂಜಾನೆ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿ, ಗೋಡೆಯ ಬದಿಯ ಕುರ್ಚಿಯಲ್ಲಿ ಕೂತು ಡೈಮಂಡ್ ಬಾರಿಗೆ ಫೋನು ಹಚ್ಚಿದ. ಶೀತಲ್, ರಚನಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಅವ್ವಾ, ತಂತಿ ಬಂತು."

ಆ ಕಡೆ ಕೋಣೆಯಲ್ಲಿ ಯಾರೋ ಓಡಾಡುವ ಸಪ್ಪಳ ಬಂತು, ಪಾತ್ರೆಯೊಂದು ತಾಗಿತು. ಅವನು ಇಷ್ಟು ವರ್ಷ ಅಳಿಸುತ್ತ ಬಂದದ್ದೆಲ್ಲ ಕಿವಿಗೆ ಬರತೊಡಗಿತು. ಸೋದರಮಾವನ ಉಸಿರು ಬಂತು, ಒಂದು ಕಡೆ ತೊಡರಿ ಮತ್ತೆ ಸಾಗುವ ಉಸಿರು. ಆಮೇಲೆ ಅವ್ವನ ದನಿ. ಅವಳು ಯಾವ ಮಾತನ್ನೂ ಆಡದೆ ವಚನ ಶುರುಮಾಡಿದಳು. ಚಿಕ್ಕಂದಿನಲ್ಲಿ ಅವನು ಕೇಳಿದ್ದೇ, ಅವಳ ತೊಡೆಯ ಮೇಲೆ ನಿದ್ದೆ ಹೋಗುತ್ತ ಕೇಳಿದ್ದು.

ಅಂಕಿತದ ಮುಂದೆ ನಿಂತಳು.

ವೀರಣ್ಣ ಉಸಿರೆಳೆದ. ಆದರೂ ಅವಳು ಹೇಳಲಿಲ್ಲ. ಓಂಪ್ರಕಾಶ ಕಾದ. ಲೈನು ಕಟ್ಟಾಯಿತೇ ಎಂದು ಫೋನನ್ನು ಕಿವಿಗೆ ಒತ್ತಿದ. ಗರಗರ ಇತ್ತು. ಅವ್ವ ಇದ್ದಳು. ಕಾಯುತ್ತಿದ್ದಳು.

ಅವನಿಗೆ ತಿಳಿಯಿತು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಉಸಿರು ಎಳೆದ.

ಪ್ರೇಮವ್ವ ದೇವರ ಹೆಸರು ಹೇಳಿ ವಚನ ಮುಗಿಸಿದಳು. "ಹೂಂ, ಕೇಳಿತು," ಎಂದಳು. "ಶನಿವಾರ ಕರ್ಕೊಂಡು ಹೋಗಾಕ ಬಾ. ಬರ್ತಾ ದಾರ್ಯಾಗ ಜ್ವಾಳದ ಹಿಟ್ಟು ತಗೊಂಡು ಬಾ, ಇವರ ಮನ್ಯಾಗ ನಾ ಎಲ್ಲಾ ಮುಗಿಸೀನಿ."